ಅರ್ಧ ಬಾಟ್ಲಿ ಕಾಡುಜೀರಗಿ ಎಣ್ಣಿ

ತಿಕೋಟಾ,
ತಾ. ೧೪-೨-೧೯೪೬, ಗುರುವಾರ

ಪ್ರೀತಿಯ ಅಣ್ಣಾ,

ಸಕಲ ಎಣ್ಣಿಗಳನ್ನು ಸೋಸಿ, ಕಾಸಿ, ಅವುಗಳ ಆಮ್ಲ ಹೊರಗೆಳೆಯುವ ಮುಂಬಯಿಯ ಮಹಾಪಂಡಿತರಿಗೆ ತಂಗಿ ರುದ್ರವ್ವನ ನಮಸ್ಕಾರ. ಕೆಮ್ಮು ಕಡಿಮಿ ಆತೇನು? ಆ ಪ್ರಯೋಗಶಾಲಿ ಹೊಗಿಯೊಳಗ ದಿನಾ ಒಂದು ಲೋಟ ಹಾಲರ ಕುಡಿ. ಇಲ್ಲಿ ಅವ್ವಗ ಮೊಣಕಾಲು ನೋವು ಬಿಟ್ಟರ ಎಲ್ಲಾ ಸುಖ. ಆ ನೋವೂ ನಿನ್ನ ಸುದ್ದಿ ಹೇಳಾಕ ಓಣಿ ತಿರುಗೂವಾಗ ಇರೂದಿಲ್ಲ.

ನಾವು ಇಲ್ಲಿಂದ ಕಳಿಸಿದ ಕಾಡುಜೀರಗಿ ಎಣ್ಣಿಯೊಳಗ ಯಾರೂ ಕಾಣದ ಆಮ್ಲ ಸಿಕ್ಕೈತಿ ಅಂತ ನೀ ಬರದಾಗಿಂದ ಮನಿಯೊಳಗ ಕೂಸು ಹುಟ್ಟಿದಂಗ ಆಗೇತಿ. ಕಾಳವ್ವತ್ತಿ ಬಂದು "ಹೆಂಗೈತೆವ್ವಾ, ಕೆಂಪೋ ಕರ್ರಗೋ?" ಅಂದಳು. ಅಣ್ಣನ ಮೂಗು ಬಂದೈತಿ ಅಂದೆ. ನಂಬಿ, ದೃಷ್ಟಿ ತಗದು ಹೋದಳು.

ಆದರ ನನ್ನ ಹೆಸರಿಗೆ ಬಂದ ಎರಡನೇ ಪತ್ರ ಓದಿ ನಗೂದು ನಿಂತಿತು. ಆ ಆಮ್ಲದ ಗುಣ ಔಡಲೆಣ್ಣಿಯ ಆಮ್ಲಕ್ಕ ಭಾಳ ಹತ್ತರ ಐತಿ, ಗುರುಗಳು ಖುಷಿಯಾಗಿ ಬರುವ ತಿಂಗಳ ಸಭಾದಾಗ ಓದು ಅಂತಾರ, ನಿನಗ ಮಾತ್ರ ಸಂಶಯ, ಗಾಣದಾಗ ಏನರ ಬೆರಕಿ ಆತೇನು ಅಂತ ಕೇಳಿದ್ದಿ. ಕೂಡಲೇ ತಿಕೋಟಾ ತನಿಖಾ ಕಮಿಷನ್ ಸ್ಥಾಪನಾ ಆತು. ಅಧ್ಯಕ್ಷಳೂ ನಾನ, ಶಿಪಾಯಿನೂ ನಾನ. ಮೊದಲ ಸಾಕ್ಷಿ ಗಾಣದ ಗೊಲ್ಲಾಳಪ್ಪಕಾಕಾ: "ನಿಮ್ಮಣ್ಣನ ಬೀಜಕ್ಕಂತ ಮೂರು ಸಲ ಬಿಸಿನೀರಾಗ ಗಾಣ ತಿಕ್ಕೇನಬೇ. ನನ್ನ ಮದಿವಿಗೂ ನಾ ಇಷ್ಟು ತಿಕ್ಕೊಂಡಿದ್ದಿಲ್ಲ." ನಿರಪರಾಧಿ. ಎರಡನೇ ಸಾಕ್ಷಿ ಅವ್ವ. ಆಕಿ ಮುಚ್ಚಿಡಲೇ ಇಲ್ಲ: "ಬಾಟ್ಲಿ ಅರ್ಧ ಇತ್ತು. ಪರಊರಾಗ ಇರೂ ಮಗಗ ಮನಿಯಿಂದ ಅರ್ಧ ತುಂಬಿದ್ದು ಕಳಸ್ತಾರೇನ? ಔಡಲೆಣ್ಣಿ ಹಾಕಿ ತುಂಬಿಸೇನಿ. ನಾನ ಕಾಸಿದ್ದು, ಚೊಕ್ಕ ಐತಿ."

ಕಮಿಷನ್ ಅಲ್ಲೇ ಬರ್ಖಾಸ್ತ ಆತು.

ಮರುದಿನ ನೆರಿಮನಿ ಹುಚ್ಚವ್ವನ ಚಕ್ಕಡಿ ಏರಿ ಬಬಲೇಶ್ವರಕ್ಕ ಹೋದೆ. ಮೊದಲಿನ ಬೀಜ ತಂದ ಅದೇ ಹೊಲದ ಬದುವಿನಾಗ ಕಾಡುಜೀರಗಿ ಬಡಿದು, ಕಾಳು ಕಾಳು ಆರಿಸಿ, ಗಾಣ ಮತ್ತ ತೊಳಿಸಿ, ಎಣ್ಣಿ ಇಳಿಯೂತನಕ ಕಣ್ಣು ಮಿಟುಕಿಸದ ನಿಂತೆ. ಕೈ ಇನ್ನೂ ಕಹಿ ಐತಿ. ನಾ ಬಡಿದ ರೊಟ್ಟಿ ನಾಯಿ ಸೈತ ಮೂಸಿ ಹೋತು. ಬಾಟ್ಲಿ ಅರ್ಧನ ಐತಿ, ಅರಗಿನ ಮುದ್ರಿ ಹಾಕೇನಿ. ಇದರಾಗ ನಿನ್ನ ಆಮ್ಲ ಇರಬಹುದು, ಇಲ್ಲದಿರಬಹುದು. ಅದನ್ನ ನೀನ ನೋಡಬೇಕು. ಆದರ ಎಲ್ಲಾರೂ ಚಪ್ಪಾಳಿ ಬಡಿಯಾಕ ಕೈ ಎತ್ತಿದಾಗ, ತನ್ನ ಬಾಟ್ಲಿ ಮ್ಯಾಲೆ ತಾನ ಸಂಶಯ ಪಟ್ಟವ ನನ್ನ ಅಣ್ಣ. ಇದೊಂದು ಮಾತು ಚ್ಯಾಷ್ಟಿ ಅಲ್ಲ.

ಅವ್ವನ ಆಶೀರ್ವಾದ, ಓಣಿಯವರೆಲ್ಲಾರ ನೆನಪು ಇದರ ಸಂಗಾಟ ಬರಾಕತ್ತಾವ.

ನಿನ್ನ ತಂಗಿ,
ರುದ್ರವ್ವ

ತಾ.ಕ.: ಟಪಾಲಿನವ ಕಾಯಾಕತ್ತಾನ. ನಿನ್ನ ಗುರುಗಳಿಗೆ ಖರೇ ಇದ್ದದ್ದು ಹೇಳು. ಅವ್ವಗ ಬರೆಯೂ ಪತ್ರದಾಗ ಮಾತ್ರ ಔಡಲೆಣ್ಣಿ ಹೆಸರು ಎತ್ತಬ್ಯಾಡ. ತಾ ಹಾಕಿದ್ದರಿಂದ ನಿನ್ನ ಕೆಲಸ ಕೆಟ್ಟಿತಂತ ಆಕಿಗೆ ಇನ್ನೂ ಗೊತ್ತಿಲ್ಲ. ನಾ ಓದಿದರ ನಡುವ ನಂದೊಂದು ಸೇರಸ್ತೇನಂತ, ಆಕಿ ಅದನ್ನ ಕಟ್ಟಿ ಮ್ಯಾಲೆ ಮಂದಿ ಮುಂದ ಮಾಸ್ತರ ಕಡೆ ಓದಸ್ತಾಳ. ಮೊದಲಿನ ಬಾಟ್ಲಿಗೆ ರುದ್ರಿ ಚ್ಯಾಷ್ಟಿಗಂತ ಚಿಮಣಿ ಎಣ್ಣಿ ಹನಿಸಿದ್ದಳು, ಅದಕ್ಕ ಕೆಟ್ಟಿತು ಅಂತ ಬರಿ. ಊರೆಲ್ಲಾ ನಂಬತೈತಿ. ಅವ್ವನ ಲಟ್ಟಣಿಗಿ ನನಗ ರೂಢಿ ಐತಿ. ಅವ್ವ ಅಳೂದು ರೂಢಿ ಇಲ್ಲ.