ಬೂದಿ ಚೆಲ್ಲಿ ಹಾಕಿದ ದಾರಿಯನ್ನು ನೇರ ಮಾಡಹೊರಟವರಿಗೆ

ನಗರದ ಉದ್ಯಾನಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಅಕ್ಕಿ ಗಿರಣಿಗಳ ಹಿಂದಿರುವ ಬೇವಿನ ತೋಟವನ್ನು ಬರುವ ಸೋಮವಾರ ಕೆಡವಲು ಶುರುಮಾಡುತ್ತೀರೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಅದು 'ಯೋಜನೆಯಿಲ್ಲದೆ ಬೆಳೆದ ಜಾಗ', ಅದರ ದಾರಿಗಳು 'ಅಡ್ಡಾದಿಡ್ಡಿ' ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅಲ್ಲಿ ನೇರ ದಾರಿ, ಸಿಮೆಂಟಿನ ಜಿಂಕೆ, ಬಣ್ಣದ ಕಾರಂಜಿ ಬರುತ್ತವಂತೆ. ಬಹಳ ಸಂತೋಷ. ಮೇ ತಿಂಗಳ ರಾಯಚೂರಿನಲ್ಲಿ ಸಿಮೆಂಟಿನ ಜಿಂಕೆಯ ಬೆನ್ನು ಸವರುವ ಮೊದಲ ಗೌರವವನ್ನೂ ತಾವೇ ಸ್ವೀಕರಿಸಬೇಕು.

ಆ ತೋಟಕ್ಕೆ ಯೋಜನೆ ಇರಲಿಲ್ಲವೇ? ಅದನ್ನು ರೂಪಿಸಿದವರು ಕಲ್ಯಾಣಿ, ನಿಮ್ಮದೇ ಕಚೇರಿಯಿಂದ ನಿವೃತ್ತರಾದವರು. ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ ಕೂಲಿ ಮಾಡುತ್ತಿದ್ದ ಅಮರಮ್ಮನವರ ಮಗಳು. ಭೂದೃಶ್ಯ ವಿನ್ಯಾಸ ಎಂಬ ವಿದ್ಯೆಯ ಹೆಸರನ್ನೇ ಇಲ್ಲಿ ಯಾರೂ ಕೇಳಿರದ ಕಾಲದಲ್ಲಿ ದೂರದ ಅಹಮದಾಬಾದಿಗೆ ಹೋಗಿ ಅದನ್ನು ಕಲಿತು, ನಮ್ಮ ಜಿಲ್ಲೆಗೇ ವಾಪಸು ಬಂದ ಮೊದಲ ಹೆಣ್ಣುಮಗಳು. ನಿಮ್ಮ ಕಚೇರಿ ಅವರನ್ನು ಹೇಗೆ ಬರಮಾಡಿಕೊಂಡಿತು? 'ಇಷ್ಟು ಓದಿ ಮಾಲಿ ಆದಳು' ಎಂದು ನಕ್ಕಿತು. ದೇವದುರ್ಗದಲ್ಲಿ ಮಂತ್ರಿಗಳ ಸಭೆಯಾದರೆ ವೇದಿಕೆ ಮುಂದೆ ಹೂವಿನ ಕುಂಡ ಜೋಡಿಸಲು ಕಲ್ಯಾಣಿ. ರಾಯಚೂರಿನಲ್ಲಿ ಧ್ವಜಾರೋಹಣವಾದರೆ ಮತ್ತೆ ಕುಂಡ, ಮತ್ತೆ ಕಲ್ಯಾಣಿ. ಇಡೀ ನೌಕರಿಯಲ್ಲಿ ಅವರ ಕೈಗೆ ಸಿಕ್ಕ ನೆಲ ಒಂದೇ. ಅದೂ ಯಾರಿಗೂ ಬೇಡವಾಗಿದ್ದ, ಗಿರಣಿಯ ಹೊಟ್ಟು ಸುರಿಯುತ್ತಿದ್ದ ಹಾಳು ಬಯಲು.

ನನ್ನ ತಾಯಿ ಹೀರಾಬಿ ಆಗ ಪಕ್ಕದ ಗಿರಣಿಯಲ್ಲಿ ಭತ್ತ ಒಣಗಿಸುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಲು ಅವರಿಗಿದ್ದ ನೆರಳು ನಿಂತ ಲಾರಿಯದ್ದು. ಲಾರಿ ಹೊರಟರೆ ಊಟವೂ ಎದ್ದು ಹೊರಡಬೇಕು. ಒಂದು ದಿನ ಕಲ್ಯಾಣಿಯವರು ಆ ಬಯಲಿನ ತುಂಬ ಹೊಟ್ಟಿನ ಬೂದಿಯನ್ನು ತೆಳ್ಳಗೆ ಹರಡಿಸುತ್ತಿದ್ದುದನ್ನು ಕಂಡು ಅಮ್ಮ ಕೇಳಿದರಂತೆ:

"ಏನ್ ಬೇ, ದೆವ್ವ ಬಿಡಸಾಕತ್ತೀ ಏನು?"

"ಇಲ್ಲ ಯವ್ವಾ, ನೀವು ಎಲ್ಲಿ ಅಡ್ಡಾಡ್ತೀರಿ, ಎಲ್ಲಿ ಕುಂದರ್ತೀರಿ ನೋಡಾಕತ್ತೀನಿ. ಹೆಜ್ಜಿ ಬಿದ್ದಲ್ಲೇ ದಾರಿ, ಕುಂತಲ್ಲೇ ಗಿಡ."

ಬೇಸಿಗೆಯುದ್ದಕ್ಕೂ ಅದನ್ನೇ ಮಾಡಿದರು. ಗಾಳಿಗೆ ಬೂದಿ ಹಾರಿದರೆ ಮತ್ತೆ ಹರಡಿಸಿದರು. ತಲೆಯ ಮೇಲೆ ಮೂಟೆ ಹೊತ್ತವರು ತಗ್ಗು ಬಳಸಿ ನಡೆಯುತ್ತಿದ್ದರು, ಆದ್ದರಿಂದ ದಾರಿಯೂ ಬಳಸಿತು. ಆ ತಗ್ಗನ್ನು ಮುಚ್ಚದೆ ಮಳೆನೀರಿಗೆ ಬಿಟ್ಟರು, ಬೇವಿನ ಮರಗಳು ಅದನ್ನು ಕುಡಿದೇ ಬೆಳೆದವು. ತಾವು ಅಡ್ಡಾದಿಡ್ಡಿ ಎಂದದ್ದು ನನ್ನ ಅಮ್ಮನ ಹೆಜ್ಜೆಗಳನ್ನು, ಸ್ವಾಮಿ! ಕಾಗದದ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುವ ಮೊದಲು ತಮ್ಮಲ್ಲಿ ಒಬ್ಬರಾದರೂ ಕಾರಿನಿಂದ ಇಳಿದು ಅಲ್ಲಿ ನಡೆದಿದ್ದಾರೆಯೇ?

ಇಷ್ಟನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಮೊನ್ನೆ ಮಾನ್ವಿಗೆ ಹೋಗಿ ಕಲ್ಯಾಣಿಯವರನ್ನು ಕಂಡೆ. ನಿಮ್ಮ ಕಚೇರಿಯಿಂದ ಅವರಿಗೆ ಫೋನ್ ಬಂದಿತ್ತಂತೆ. ಯಾತಕ್ಕೆ? ಸಲಹೆ ಕೇಳಲಿಕ್ಕಲ್ಲ. ಸೋಮವಾರದ ಭೂಮಿಪೂಜೆಯ ವೇದಿಕೆಗೆ ಕುಂಡ ಜೋಡಿಸಿಕೊಡಲು! "ಮೇಡಂ, ನಿಮಗ ರೂಢಿ ಅದ ಅಲ್ರೀ" ಎಂದರಂತೆ. ಒಬ್ಬ ಹೆಣ್ಣುಮಗಳು ಜೀವಮಾನದಲ್ಲಿ ಮಾಡಿದ ಒಂದೇ ತೋಟವನ್ನು ಕಡಿಯುವ ಸಮಾರಂಭಕ್ಕೆ ಅವಳಿಂದಲೇ ಹೂವಿನ ಅಲಂಕಾರ! ನಾಚಿಕೆ ಎಂಬುದು ತಮ್ಮಲ್ಲಿ ಯಾವ ವಿಭಾಗಕ್ಕೆ ಬರುತ್ತದೆ, ತಿಳಿಸುವಿರಾ?

ಕಲ್ಯಾಣಿಯವರು 'ಹೋಗಲಿ ಬಿಡಿ, ಹೆಸರಿನ ಆಸೆ ನನಗಿಲ್ಲ' ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಹಾಗೆ ಅನ್ನಲಿಲ್ಲ.

"ಯಾಕ ಆಸಿ ಇರಬಾರ್ದ್ರೀ? ಗುತ್ತಿಗೆದಾರನ ಹೆಸರು ತೋಟದ ಬಾಗಿಲ ಕಲ್ಲಿನ ಮ್ಯಾಲ ಅದ, ನಂದು ಎಲ್ಲ್ಯದ? ನನ್ನ ಗಿಡಾನೂ ಉಳೀಬೇಕು, ನನ್ನ ಹೆಸರೂ ಬರಬೇಕು. ಹಂಗ ಬರೀರಿ."

ಹಾಗೇ ಬರೆದಿದ್ದೇನೆ. ಸೋಮವಾರದ ಪೂಜೆ ರದ್ದಾಗಬೇಕು. ತೋಟದ ಬಾಗಿಲಲ್ಲಿ ಅದನ್ನು ರೂಪಿಸಿದವರ ಹೆಸರು ಕೆತ್ತಬೇಕು, ಗುತ್ತಿಗೆದಾರರ ಹೆಸರಿಗಿಂತ ಮೇಲೆ. ಆಗದಿದ್ದರೆ, ಅಂದು ಬೆಳಿಗ್ಗೆಯೇ ಗಿರಣಿಯ ಹೆಂಗಸರೊಂದಿಗೆ ನಾನೂ ಬಂದು ಆ ಮರಗಳ ಕೆಳಗೆ ಕೂರುತ್ತೇನೆ. ನಮ್ಮ ನಡುವೆ ಕಲ್ಯಾಣಿಯವರೂ ಇರುತ್ತಾರೆ. ಮೊದಲ ಮರಕ್ಕೆ ಯಂತ್ರ ಹಚ್ಚುವ ಮುನ್ನ ತಾವೇ ಬಂದು, ಅವರ ಮುಖ ನೋಡಿ, 'ಏಳಮ್ಮಾ' ಎನ್ನಿ.

ಇಂತಿ,
ತಮ್ಮ ಹೊಸ ನಕಾಶೆಯಲ್ಲಿ ಕೂರಲು ಜಾಗ ಸಿಗದವಳು,
ಜಾಹೆದಾ, ಕನ್ನಡ ಶಿಕ್ಷಕಿ, ರಾಯಚೂರು