ನೀಲವ್ವ ಕಲಿತ ಎರಡು ಮಾತು

ಶಿಗ್ಗಾಂವಿ, ಬುಧವಾರ, ನವೆಂಬರ್ ೧೯

ಊಟ ಸೇರಲಿಲ್ಲ. ನಮ್ಮ ತರಬೇತಿ ಕೇಂದ್ರದ ಹೆಂಗಸರಿಂದ ಖಡಕ್ ರೊಟ್ಟಿ ಕೊಳ್ಳಲು ಇಂದು ಹೊರರಾಜ್ಯದ ವ್ಯಾಪಾರಿಗಳು ಬಂದಿದ್ದರು. ತಡಸದ ನೀಲವ್ವ ತಾನೇ ಬಡಿದ ರೊಟ್ಟಿಯ ಗಂಟು ಹೊತ್ತು ತಂದಿದ್ದಳು. ಇಂಗ್ಲಿಷಿನಲ್ಲಿ ಅವಳು ತಡವರಿಸಿದರೆ ನನ್ನ ಪಾಠದ ಮಾನ ಹೋದೀತೆಂದು ಹೆದರಿ, ಕೇಂದ್ರದಲ್ಲೇ ಇದ್ದ, ಡಿಗ್ರಿ ಓದಿದ ಅಂಕಿತಾಳನ್ನು ರೊಟ್ಟಿಯ ಮಾಲಕಿ ಎಂದು ಮುಂದೆ ನಿಲ್ಲಿಸಿದೆ. ವ್ಯಾಪಾರಿಗಳಿಗೆ ಚಹಾ ಕೊಡು ಎಂದು ನೀಲವ್ವನಿಗೆ ಹೇಳಿದೆ. ಕೊಟ್ಟಳು. ಅವರು ರೊಟ್ಟಿ ಮುರಿದು ತಿಂದು ಅಂಕಿತಾಳ ಕೈಗುಣ ಹೊಗಳಿದಾಗ ನೀಲವ್ವ ಖಾಲಿ ಲೋಟ ಎತ್ತುತ್ತಿದ್ದಳು. ಅಂಕಿತಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಬಸ್ಸಿಗೆ ಹೊರಟ ನೀಲವ್ವ ಬಾಗಿಲಲ್ಲಿ ತಿರುಗಿದಳು.

"ಅಕ್ಕೋರ, ಎಂಟು ದಿನ ಒಲಿ ಮುಂದ ಕುಂತು ಬಾಯಿಪಾಠ ಮಾಡೇನ್ರಿ. ನೀವರ ಕೇಳ್ರಿ."

ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ಮೈ ನೇಮ್ ಈಸ್ ನೀಲವ್ವ. ದಿಸ್ ಈಸ್ ಮೈ ರೊಟ್ಟಿ."

ಒಂದಕ್ಷರ ತಪ್ಪಿರಲಿಲ್ಲ.

"ಮತ್ತ ಯಾರರ ಬಂದ್ರ ಹೇಳ್ಲೇನ್ರಿ?"

ಹ್ಞೂಂ ಎಂದೆ. ರೊಟ್ಟಿ ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ವ್ಯಾಪಾರಿಗಳು ಮಾಲಕಿಯ ಹೆಸರು ಕೇಳಿದ್ದರು. ಅಂಕಿತಾ ಎಂದು ಆಗಲೇ ಬರೆದುಕೊಟ್ಟಿದ್ದೆ, ಈ ಪೆನ್ನಿನಿಂದಲೇ.