ಕೇದಗೆ ಕಿತ್ತ ಏರಿ

ನನ್ನ ಮಾವಯ್ಯನವರಿಗೆ, ನಿಮ್ಮ ಸೊಸೆ ಗೌರಿ ತಲೆ ತಗ್ಗಿಸಿಕೊಂಡು ಬರೆಯುವುದು.

ಕೆಟ್ಟ ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ತಡಮಾಡಿದರೆ ಧೈರ್ಯ ಬರುವುದಿಲ್ಲ. ನಮ್ಮ ಕಟ್ಟೆಯ ಏರಿ ಕುಸಿದಿದೆ. ಪೂರ್ತಿ ಒಡೆದಿಲ್ಲ, ಆದರೆ ಹೊರಮಗ್ಗುಲು ಅರ್ಧಕ್ಕರ್ಧ ಜಾರಿ ಕೆಳಗಿನ ಹೊಲಕ್ಕೆ ಹೋಗಿದೆ. ದೀಪಾವಳಿ ಮಳೆ ಜೋರಾಗಿ ಹಿಡಿದರೆ ಉಳಿದದ್ದೂ ಹೋಗುತ್ತದೆ. ಬೇಸಿಗೆಯಲ್ಲಿ ನಮಗೂ ದನಕ್ಕೂ ಇರುವುದು ಅದೊಂದೇ ನೀರು. ನಿಮ್ಮ ಕೇದಗೆ ಏನಾಯಿತು ಅಂತೀರಾ? ಅದನ್ನೇ ಹೇಳಬೇಕು, ಅದಕ್ಕೇ ನಾಚಿಕೆ.

ನೀವು ಕೋಸಿನ ಲಾರಿಯಿಂದ ಇಳಿದ ಬೆಳಗ್ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುನಾಮಿಯ ಸುದ್ದಿ ಕೇಳಿದ ಮೇಲೆ ನಿಮಗೆ ಸಮುದ್ರ ನೋಡುವ ಹಠ. ಲೋಡಿನ ಜೊತೆ ಕಲ್ಲಿಕೋಟೆಗೆ ಹೋದವರು ಸೊಸೆಗೊಂದು ಸೀರೆ ತರುತ್ತೀರಿ ಅಂದುಕೊಂಡರೆ, ಗೋಣಿಚೀಲದ ತುಂಬ ಮುಳ್ಳುಗಿಡ ತಂದಿದ್ದಿರಿ! "ಸಮುದ್ರ ಎಂಗಿತ್ತು ಮಾವಯ್ಯ?" ಅಂದೆ. "ನೀರು ಕಣವ್ವ, ಬರೀ ನೀರು. ನೋಡ್ಬೇಕಾದ್ದು ಅಲ್ಲಿ ದಡವ. ನಮ್ ಏರಿ ಮಣ್ಣಂಗೇ ಬರೀ ಮಳ್ಳು, ಮುಟ್ಟುದ್ರೆ ಉದುರ್ತದೆ. ಮನೆಮನೆಗೂ ಕೊಳ, ಕೊಳದ ಸುತ್ತ ಈ ಕ್ಯಾದಗೆ. ಬೇರು ಮೇಲಿಂದ್ಲೇ ಇಳ್ದು ದಡವ ತಬ್ಕಂಡದೆ," ಅಂದಿರಿ. ಸಮುದ್ರ ನೋಡಲು ಹೋಗಿ ಕೊಳದ ದಂಡೆ ನೋಡಿಕೊಂಡು ಬಂದವರು ನಮ್ಮ ಸೀಮೆಯಲ್ಲಿ ನೀವೊಬ್ಬರೇ ಇರಬೇಕು.

ನೆಟ್ಟ ದಿನ ಗುಡಿ ಅಯ್ಯನವರು ಏರಿಯವರೆಗೂ ಬಂದಿದ್ದರು. ಸೋಮವಾರದ ಅಭಿಷೇಕಕ್ಕೆ ನಮ್ಮ ಕಟ್ಟೆಯ ನೀರೇ ತಾನೆ. "ಶಿವುನ್ ಮುಂದೆ ಸುಳ್ ಸಾಕ್ಷಿ ಏಳಿದ್ ಊವು ಅದು. ಶಿವುನ್ ನೀರಿನ್ ಪಕ್ಕ ನೆಡ್ತಿದ್ದೀಯಲ್ಲಪ್ಪ," ಅಂದರು. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ನೀವು, ಗುದ್ದಲಿ ಕೂಡ ಕೆಳಗಿಡಲಿಲ್ಲ. "ಶಿವುಂಗಾಗ್ದಿದ್ರೆ ಬುಡಿ ಅಯ್ನೋರೇ, ನಮ್ ಸೊಸೆ ಜಡೆಗಾಯ್ತದೆ." ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಆಮೇಲೆ ಮೂರ್ನಾಲ್ಕು ಮಳೆಗಾಲ ಏರಿಯಿಂದ ಒಂದು ಹಿಡಿ ಮಣ್ಣು ಜಾರಲಿಲ್ಲ.

ಮೊದಲ ಹೂವು ಬಿಟ್ಟ ತಿಂಗಳಲ್ಲೇ ನೀವು ಹೋದಿರಿ. ಎದೆನೋವು ಅಂತ ಡಾಕ್ಟರು ಹೇಳಿದ್ದನ್ನು ನಾನೇ ಕೇಳಿದ್ದೆ. ಆದರೂ ನಿಮ್ಮ ಶಿವಗಣಾರಾಧನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವರು, "ಊವ ಬುಡ್ತು, ಯಜಮಾನ ಓದ. ಇನ್ನ್ಯಾರ್ಗೆ ಕಾದದೋ," ಅಂದಾಗ ನಾನು ಪಾಯಸದ ಪಾತ್ರೆ ಅಲ್ಲೇ ಇಟ್ಟು ಒಳಗೆ ನಡೆದೆ. ಇನ್ಯಾರಿಗೆ ಅಂದರೆ? ಮನೆಯಲ್ಲಿ ಉಳಿದ ಗಂಡಸು ನಿಮ್ಮ ಮಗ ಒಬ್ಬರೇ. ಗಿಡ ಕೀಳಿಸಿ ಅಂತ ಹಠ ಹಿಡಿದವಳು ನಾನು. ಹೂಂ ಅಂದವರು ನಿಮ್ಮ ಮಗ. ನಿಮ್ಮ ಮಾತನ್ನು ಅಷ್ಟು ಬೇಗ, ನೀವು ಹೋಗಿ ತಿಂಗಳೂ ತುಂಬದೆ...

ಕಿತ್ತ ಗಿಡ ಹೊತ್ತು ಹಾಕಲು ಬಂದವಳು ಚಿಕ್ಕತಾಯಿ. ಕೆಳಗೆ ಹಳ್ಳದ ಪಕ್ಕ ತುಂಡು ಹೊಲ ಇಟ್ಟುಕೊಂಡು, ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಅದೇ ಚಿಕ್ಕತಾಯಿ. "ಅಳ್ಳಕ್ಕೆ ಎಸೀಲಾ ಬುದ್ದಿ, ಇಲ್ಲ ನಾನೇ ಮಡಿಕಳ್ಳಾ?" ಅಂತ ಕೇಳಿದಳು. "ಏನಾರ ಮಾಡ್ಕೊ," ಅಂದರು ನಿಮ್ಮ ಮಗ. ಕಾಡುಹಂದಿ ನುಗ್ಗದಿರಲಿ ಅಂತ ಅವಳು ಅದನ್ನು ಹಳ್ಳದ ಅಂಚಿಗೆ ಸಾಲಾಗಿ ನೆಟ್ಟುಕೊಂಡಳು. ನಮಗೆ ಬೇಡವಾದದ್ದು ಎರಡು ಮೂರು ವರ್ಷದಲ್ಲಿ ಅವಳಿಗೆ ಬೇಲಿಯಾಯಿತು.

ಏರಿ ಜಾರಿದ್ದು ಮೊನ್ನೆಯ ಮಳೆಗೆ. ಬೆಳಗ್ಗೆ ಹೋಗಿ ನೋಡಿದರೆ ನಮ್ಮ ಮರಳೆಲ್ಲ ಚಿಕ್ಕತಾಯಿಯ ಎಳೆ ರಾಗಿ ಪೈರಿನ ಮೇಲೆ ಮಲಗಿದೆ. ಹಳ್ಳದ ಅಂಚು ಮಾತ್ರ ಅಲ್ಲಾಡಿಲ್ಲ. ಅವಳು ಬದುವಿನ ಮೇಲೆ ಕೂತಿದ್ದಳು. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ನಿಮ್ಮ ಮಗ ಅಷ್ಟು ದೂರದಲ್ಲೇ ನಿಂತು, "ಚಿಕ್ತಾಯಿ, ಕ್ಯಾದಗೆ ಮರಿ ವಸಿ ಕೊಡಮ್ಮಿ, ಏರಿಗೆ ನೆಡ್ಬೇಕು," ಅಂದರು. ಅವಳ ಹೊಲದ ಮಾತೇ ಇಲ್ಲ, ಮೊದಲು ನಮ್ಮ ಏರಿ! ಅವಳು ತಲೆಯೆತ್ತಿದಳು.

"ಕೊಡವ ಬುದ್ದಿ. ನಮ್ ಕೈಲಿ ಬೆಳ್ದ ಗಿಡ ನಿಮ್ ದ್ಯಾವ್ರ ನೀರ್ಗೆ ಆಯ್ತದಾ, ಮೊದ್ಲು ಕೇಳ್ಕಬನ್ನಿ."

ಯಾರನ್ನು ಕೇಳಿಕೊಂಡು ಬರುವುದು ಮಾವಯ್ಯ? ಕೇಳಬೇಕಾದವರೂ ನಾವೇ, ಹೇಳಬೇಕಾದವರೂ ನಾವೇ ಅಲ್ಲವೇ? "ಅದಿರ್ಲಿ ಬುಡಿ," ಅಂದಳು ಅವಳೇ. "ನನ್ ಒಲದ್ ಮಳ್ಳ ಯಾರ್ ತಗೀತಾರೆ? ಈ ತಿಂಗ್ಳು ಕಳುದ್ರೆ ರಾಗಿ ಬಿತ್ತಾಕಾಯ್ತದಾ?" ನಿಮ್ಮ ಮಗ ತಕ್ಷಣ, "ಆಳು ಕಳುಸ್ತೀನಿ," ಅಂದರು.

"ಆಳು ಅಂದ್ರೆ ನಾವೇ ಅಲ್ವಾ ಬುದ್ದಿ?"

ಮನೆಗೆ ಬಂದು ನಿಮ್ಮ ಮಗ ಊಟ ಬಿಟ್ಟು ಮಲಗಿದರು. ಅಪ್ಪನ ಹಾಗೆ ಮೊಂಡುತನವಾದರೂ ಇದ್ದಿದ್ದರೆ ಅಂತ ನಾನು ಗೊಣಗಿದ್ದು ಅವರಿಗೆ ಕೇಳಿಸಿರಬೇಕು. ಈ ದಿನ ಬೆಳಗ್ಗೆ ಎದ್ದವರೇ ಗುದ್ದಲಿ ತೆಗೆದುಕೊಂಡರು. ನಾನು ಮಂಕರಿ ಹೊತ್ತು ಹಿಂದೆ ನಡೆದೆ.

ನಾವು ಚಿಕ್ಕತಾಯಿಯ ಹೊಲದಲ್ಲಿ ಮರಳು ಹೊರುವುದನ್ನು ಪಣಕಹಳ್ಳಿ ಕಡೆಗೆ ಹೋಗುವ ಮೊಪೆಡ್ಡುಗಳೆಲ್ಲ ನಿಧಾನ ಮಾಡಿ ನೋಡಿದವು. ಅಯ್ಯನವರು ನೋಡಿಯೂ ನೋಡದವರ ಹಾಗೆ ಮುಖ ತಿರುಗಿಸಿಕೊಂಡು ಹೋದರು. ಮಧ್ಯಾಹ್ನ ಚಿಕ್ಕತಾಯಿ ಹೊಂಗೆ ಮರದ ಕೆಳಗೆ ನಮ್ಮ ಮುಂದೆ ತಟ್ಟೆ ಇಟ್ಟಳು, ಮುದ್ದೆ ಮತ್ತು ಹುರುಳಿ ಸಾರು. ನಿಮ್ಮ ಮಗ ಕೈ ತೊಳೆದು ಉಂಡರು. ನನ್ನ ಕೈ ಮಾತ್ರ ಮುದ್ದೆಯ ಮುಂದೆ ಒಂದು ಗಳಿಗೆ ನಿಂತುಬಿಟ್ಟಿತು. ಒಂದೇ ಗಳಿಗೆ. ಅದನ್ನು ಅವಳು ನೋಡಿದಳು, ನೋಡಿ ಆ ಕಡೆ ತಿರುಗಿ ನೀರು ತುಂಬಿಸತೊಡಗಿದಳು. ಆಮೇಲೆ ನಾನೂ ಉಂಡೆ, ಎರಡನೇ ಸಲ ಸಾರು ಹಾಕಿಸಿಕೊಂಡೆ. ಆದರೂ ಆ ಗಳಿಗೆ ಹಿಂದಕ್ಕೆ ಬರುತ್ತದೆಯೇ? ಏರಿ ಕುಸಿದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಸಂಜೆ ಹೊತ್ತಿಗೆ ಹೊಲದ ಕಾಲು ಭಾಗವೂ ತೆರವಾಗಿರಲಿಲ್ಲ. ಪೂರ್ತಿ ತೆರವಾದ ಮೇಲೆ ಬುಡದ ಪಕ್ಕದ ಮರಿಗಳನ್ನಷ್ಟೇ ಕೊಡುತ್ತಾಳಂತೆ. ತಾಯಿಗಿಡ ಕಿತ್ತರೆ ಅವಳ ಅಂಚು ಹೋಗುತ್ತದೆ. ಸರಿ, ಅಷ್ಟೇ ಸಾಕು. ದೀಪಾವಳಿಯೊಳಗೆ ಏರಿಯ ಮೇಲೆ ಕೇದಗೆ ಇರುತ್ತದೆ, ಯಾರು ಏನೇ ಅನ್ನಲಿ. ಇದು ನಾನು ನಿಮಗೆ ಕೊಡುವ ಮಾತು.

ಹೊರಡುವಾಗ ಚಿಕ್ಕತಾಯಿ ನಿಮ್ಮ ಮಗನಿಗೆ, "ನಾಳಿಕ್ಕೆ ವಸಿ ಒತ್ತಾರೆನೇ ಬನ್ನಿ. ಬಿಸ್ಲೇರುದ್ ಮ್ಯಾಲೆ ಕೈ ನಡ್ಯಾಕಿಲ್ಲ," ಅಂದಳು. ಈ ಮಾತನ್ನು ನಮ್ಮ ಜಗುಲಿಯ ಮೇಲೆ ನಿಂತು ನಾವು ಅವಳಿಗೆ ಎಷ್ಟು ವರ್ಷ ಹೇಳಿದ್ದೇವೆ! ಈಗ ಅವರು ಏನನ್ನುತ್ತಾರೋ ಅಂತ ನನಗೆ ಪುಕುಪುಕು. ನಿಮ್ಮ ಮಗ ಮಂಕರಿ ಕೊಡವಿ ಹೆಗಲಿಗೇರಿಸಿಕೊಂಡು, "ಊಂ ಕಣವ್ವ, ಬತ್ತೀವಿ," ಅಂದರು.

ಬೇಗ ಏಳಬೇಕು ಮಾವಯ್ಯ, ಇಷ್ಟಕ್ಕೆ ನಿಲ್ಲಿಸುತ್ತೇನೆ. ನಾಳೆಯ ಬುತ್ತಿ ನಾನು ಕಟ್ಟುತ್ತೇನೆ, ಮೂರು ಜನಕ್ಕೆ. ಅವಳ ಕೈಯೂ ಒಂದು ಗಳಿಗೆ ನಿಂತರೆ ನಾನು ನೋಡಿಕೊಂಡು ಸುಮ್ಮನೆ ಕೂರುತ್ತೇನೆ.